ಕಾಣದಂತೆ ನಡೆದ ಕೆಲಸ

ಜತ್ತ ಪಟ್ಟಣದ ಹತ್ತಿರದ ಸೋನ್ಯಾಳದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯೊಂದಕ್ಕೆ ನಾನೊಂದು ಕಂಪ್ಯೂಟರ್ ಸ್ಕ್ರಿಪ್ಟ್ ಬರೆದುಕೊಟ್ಟೆ. ಅದು ತಾನೇ ಎಕ್ಸೆಲ್ ತೆರೆದು, ಕರೆಯಬೇಕಾದವರ ಒಂದೊಂದೇ ಹೆಸರು ತೆಗೆದು, ವರ್ಡ್‌ನಲ್ಲಿದ್ದ ಪತ್ರಿಕೆಗೆ ತುಂಬುತ್ತಿತ್ತು. ಬೇಗ ಮುಗಿಯಲೆಂದು ಎರಡನ್ನೂ ಪರದೆಯ ಮೇಲೆ ಕಾಣದಂತೆ ಓಡಿಸಿದ್ದೆ.

ಮಗಳ ಲಗ್ನದ ಪತ್ರಿಕೆಗೆ ಬಂದಿದ್ದ ಗಂಗವ್ವ ಖಾಲಿ ಪರದೆಯನ್ನೂ ನನ್ನನ್ನೂ ನೋಡಿದರು.

"ಸುಮ್ಮ ಕುಂತೀರಲ್ಲರಿ? ನಾ ಜತ್ತಕ್ಕ ಹೋಗಿ ಮಾಡಿಸ್ಕೋತೀನಿ."

"ಒಳಗ ಕೆಲಸ ನಡದೈತಿ ಅವ್ವಾರ, ಕುಂದ್ರಿ" ಎಂದೆ.

"ಒಳಗ ಅಂದ್ರ ಎಲ್ಲಿ?" ಎನ್ನುತ್ತ ಅವರು ಎದ್ದೇ ಬಿಟ್ಟರು. ಅಂಗಡಿಯವನ ಮುಖ ಸಣ್ಣದಾಯಿತು.

ಸ್ಕ್ರಿಪ್ಟ್ ನಿಲ್ಲಿಸಿ, ಒಂದೇ ಸಾಲು ಬದಲಿಸಿ, ವರ್ಡ್ ಕಾಣುವಂತೆ ಮಾಡಿ ಮತ್ತೆ ಓಡಿಸಿದೆ. ಹೆಸರುಗಳು ಮೊದಲಿಗಿಂತ ನಿಧಾನವಾಗಿ, ತಾವಾಗಿಯೇ ಮೂಡತೊಡಗಿದವು. ನಾನು ಕೈಕಟ್ಟಿ ಕುಳಿತಿದ್ದೆ.

ಗಂಗವ್ವ ಸಮಾಧಾನದಿಂದ ಕುಳಿತರು. "ಹಾಂ, ಈಗ ಲಗೂನ ಮಾಡಾಕತ್ತೀರಿ ನೋಡ್ರಿ."