ಕಂಬ ಮುರಿದ ದೋಣಿಯಲ್ಲಿ ಗಾಜಿನಣ್ಣ

ನನ್ನ ತಂಗಿಯ ಗಂಡನನ್ನು ಊರೆಲ್ಲ ಗಾಜಿನಣ್ಣ ಎಂದೇ ಕರೆಯುತ್ತದೆ. ಕಿಟಕಿಗೆ ಗಾಜು ಕೂರಿಸುವುದು ಅವನ ಕಸುಬು. ಚೌಕಟ್ಟು ನನ್ನದು, ಗಾಜು ಅವನದು. ಒಂದೇ ಅಂಗಡಿಯ ಎರಡು ತುದಿಗಳಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದ್ದೇವೆ. ನನ್ನ ಕಡೆ ಮರದ ಹೊಟ್ಟು, ಅವನ ಕಡೆ ಗಾಜಿನ ಚೂರು. ನಡುವೆ ಒಂದು ಪೊರಕೆ. ಅದು ಯಾರದು ಎಂಬ ಜಗಳ ಇವತ್ತಿಗೂ ಬಗೆಹರಿದಿಲ್ಲ.

ಅವನ ಕೈಕೆಳಗೆ ಕೆಲಸ ಕಲಿಯಲು ಬಂದವರಿಗೆಲ್ಲ ಅವನು ಮೊದಲ ದಿನ ಹೇಳುತ್ತಿದ್ದುದು ಒಂದೇ ಮಾತು. ಜಾರಿದ ಗಾಜಿಗೆ ಕೈ ಒಡ್ಡಬೇಡಿ. ಕೈ ಮೇಲೆತ್ತಿ, ಕಾಲು ಅಲ್ಲಾಡಿಸದೆ ನಿಲ್ಲಿ. ಬೀಳಲಿ. ಬಿದ್ದಾದ ಮೇಲೆ ಚೂರು ಎಲ್ಲೆಲ್ಲಿ ಹೋಯಿತು ಅಂತ ಕಣ್ಣಲ್ಲೇ ನೋಡಿ, ಆಮೇಲೆ ಹೆಜ್ಜೆ ಎತ್ತಿ. ಕೇಳಲು ಸುಲಭ. ಆದರೆ ಆಳೆತ್ತರದ ಗಾಜು ಕೈಯಿಂದ ಜಾರುವಾಗ ಸುಮ್ಮನೆ ನಿಲ್ಲುವುದು ಹುಡುಗಾಟವಲ್ಲ. ನಾನೇ ಒಂದು ಸಲ ಕೈ ಚಾಚಿ, ಅಂಗೈಗೆ ಹನ್ನೊಂದು ಹೊಲಿಗೆ ಹಾಕಿಸಿಕೊಂಡು ಬಂದವನು. ಅವನ ಕೈಯಲ್ಲಿ ಒಂದು ಗೀರೂ ಇಲ್ಲ.

ಈ ಮನುಷ್ಯನಿಗೆ ನಲವತ್ತು ದಾಟಿದ ಮೇಲೆ ಸಮುದ್ರದ ಹುಚ್ಚು ಹಿಡಿಯಿತು. ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಏಳು ವರ್ಷದ ಭಾನುವಾರಗಳನ್ನು ಸುರಿದು ಒಂದು ಹಾಯಿದೋಣಿ ಕಟ್ಟಿದ. ಒಳಗೆ ಒಬ್ಬರು ಮಲಗುವಷ್ಟು ಹಲಗೆ, ಒಂದು ಸ್ಟೌ, ಹಿಂದುಗಡೆ ಬಂದರಿಗೆ ಒಳಹೊರಗೆ ಮಾಡಲು ಸಾಕಾಗುವಷ್ಟು ಪುಟ್ಟ ಎಂಜಿನ್. ಹಾಯಿಕಂಬ ಮಾತ್ರ ನಾನು ಮಾಡಿಕೊಟ್ಟದ್ದು. ಎರಡಂತಸ್ತಿನ ಮನೆಯಷ್ಟು ಎತ್ತರ, ಒಂದು ಗಂಟಿಲ್ಲದ ಮರ. ಇಂಥ ಕಂಬವನ್ನು ಯಾರಿಂದಲೂ ಕಲಿಯದೆ, ಬರೀ ಕಣ್ಣಳತೆಯಿಂದ ಮಾಡಿದವನು ಈ ಸುತ್ತಿನಲ್ಲಿ ಇನ್ನೊಬ್ಬನಿದ್ದರೆ ಬಂದು ನನ್ನೆದುರು ನಿಲ್ಲಲಿ.

ಅವನಿಗೆ ಒಬ್ಬನೇ ಹೋಗಬೇಕು. ಯಾಕೆ ಎಂದು ಕೇಳಿದರೆ, "ಅಂಗಡೀಲಿ ನಿನ್ನ ಗರಗಸ, ಮನೇಲಿ ನಿನ್ನ ತಂಗಿ. ಕಿವಿಗೂ ಒಂದು ರಜೆ ಬೇಡವಾ ಭಾವ?" ಎನ್ನುತ್ತಿದ್ದ.

ನನ್ನ ತಂಗಿ ಬಾಯಿ ಬಿಟ್ಟರೆ ಬೀದಿಯ ಆ ತುದಿಗೆ ಕೇಳಿಸುತ್ತದೆ. ಆದರೆ ಅವಳು ಬೇಡ ಅನ್ನಲಿಲ್ಲ. ದೋಣಿ ನೀರಿಗಿಳಿದ ದಿನ ಕಟ್ಟೆಯ ಮೇಲೆ ನಿಂತು ಒಂದು ಕರಾರು ಹಾಕಿದಳು.

"ಒಬ್ಬರೇ ಹೋಗಿ. ಆದರೆ ಯಾವತ್ತು 'ನನ್ನ ಕೈಲಾಗಲ್ಲ, ಬನ್ನಿ' ಅಂತ ಇನ್ನೊಬ್ಬರನ್ನ ಕರೀತೀರೋ, ಅವತ್ತಿಗೆ ಒಬ್ಬರೇ ಹೋಗೋದು ಮುಗೀತು. ಒಪ್ಪಿಗೇನಾ?"

"ಒಪ್ಪಿದೆ."

"ಅಣ್ಣ, ನೀನೇ ಸಾಕ್ಷಿ. ಆಮೇಲೆ ಇವರ ಕಡೆ ವಾಲಬೇಡ."

ಒಂಬತ್ತು ವರ್ಷ ಅವನು ಯಾರನ್ನೂ ಕರೆಯಲಿಲ್ಲ. ವರ್ಷಕ್ಕೆರಡು ಸಲ ದೂರದ ದ್ವೀಪದವರೆಗೆ ಹೋಗುತ್ತಿದ್ದ, ನಾಲ್ಕೈದು ದಿನಕ್ಕೆ ಮುಖ ಸುಟ್ಟುಕೊಂಡು, ಗಡ್ಡ ಬಿಟ್ಟುಕೊಂಡು ಬರುತ್ತಿದ್ದ. ಆ ದಿನಗಳ ಲೆಕ್ಕದಲ್ಲೇ ಅವನ ವರ್ಷ ಉರುಳುತ್ತಿತ್ತು. ಗಾಜು ಕೊಯ್ಯುತ್ತಾ ನಿಂತಿದ್ದರೂ ಕಣ್ಣು ಹೊರಗಿನ ಮೋಡದ ಮೇಲೆ.

ಹತ್ತನೆಯ ವರ್ಷ ದ್ವೀಪದಿಂದ ಹಿಂದಿರುಗುವಾಗ ಕಂಬ ಮುರಿಯಿತು. ಮುಂದಿನದನ್ನು ಅವನೇ ಆಮೇಲೆ, ಒಂದೊಂದು ಮಾತನ್ನೂ ಇಕ್ಕಳದಿಂದ ಕಿತ್ತ ಹಾಗೆ, ನನಗೆ ಹೇಳಿದ್ದು.

ಮಧ್ಯಾಹ್ನ ಮೂರು ಗಂಟೆ. ದಡ ಇನ್ನೂ ಒಂದು ಹಗಲು ಒಂದು ರಾತ್ರಿಯ ದಾರಿ. ಒಳ್ಳೆಯ ಗಾಳಿ, ಆಳೆತ್ತರದ ಅಲೆ, ಹೆದರುವಂಥದ್ದೇನೂ ಇಲ್ಲ. ಕಂಬವನ್ನು ನೆಟ್ಟಗೆ ಹಿಡಿದಿರುವುದು ಸುತ್ತಲಿನ ಉಕ್ಕಿನ ತಂತಿಗಳು. ಗಾಳಿ ಬರುವ ಪಕ್ಕದ ತಂತಿಯ ಬುಡದಲ್ಲಿ ಹೆಬ್ಬೆರಳುದ್ದದ ಒಂದು ಪಿನ್ನು ಇರುತ್ತದೆ. ಅದು ಪಟ್ಟೆಂದಿತು. ಮರುಗಳಿಗೆ ಕಂಬ ಅವನ ಎದೆಮಟ್ಟದಲ್ಲಿ ಲಟಕ್ಕನೆ ಮುರಿದು, ಹಾಯಿ, ತಂತಿ, ಹಗ್ಗ ಸಮೇತ ಇನ್ನೊಂದು ಪಕ್ಕದ ನೀರಿಗೆ ಉರುಳಿತು.

ಗಾಜಿನಣ್ಣ ಎರಡೂ ಕೈ ಮೇಲೆತ್ತಿ ಕೂತುಬಿಟ್ಟ.

"ಸುಮ್ಮನೆ ಕೂತೆಯಾ?" ಎಂದೆ ನಾನು.

"ಬೀಳೋದು ಬಿದ್ದಾಗಿತ್ತಲ್ಲ ಭಾವ. ಇನ್ನು ನಾನು ಬೀಳಬಾರದಿತ್ತು, ಅಷ್ಟೇ."

ಕೂತಲ್ಲಿಂದಲೇ ಮೊದಲು ತನ್ನ ಮೈ ನೋಡಿಕೊಂಡ. ತಲೆ ಒಡೆದಿಲ್ಲ, ಬೆರಳು ಹತ್ತೂ ಇವೆ. ಆಮೇಲೆ ದೋಣಿಯ ಒಳಗೆ ಬಗ್ಗಿ ನೆಲದ ಹಲಗೆ ಎತ್ತಿ ನೋಡಿದ. ಒಳಗೆ ನೀರಿಲ್ಲ. ಅಂದರೆ ಮುಳುಗುತ್ತಿಲ್ಲ. ಎಂಜಿನ್ ಚಾಲೂ ಮಾಡಲು ಕೈ ತಾನಾಗಿ ಗುಂಡಿಯ ಹತ್ತಿರ ಹೋಗಿತ್ತು, ಹಿಂದಕ್ಕೆ ಎಳೆದುಕೊಂಡ. ನೀರಿನಲ್ಲಿ ಅಷ್ಟೊಂದು ಹಗ್ಗ ತೇಲುತ್ತಿರುವಾಗ ಎಂಜಿನ್ನಿನ ಪಂಖ ತಿರುಗಿದರೆ ಎಲ್ಲವನ್ನೂ ಸುತ್ತಿಕೊಂಡು ಅದರ ಉಸಿರೇ ನಿಂತುಹೋಗುತ್ತದೆ.

ನಿಜವಾದ ಅಪಾಯ ಬೇರೆಯೇ ಇತ್ತು. ಮುರಿದ ಕಂಬದ ತುದಿ ತಂತಿಗಳಿಗೆ ಜೋತುಬಿದ್ದು, ಅಲೆ ಬಂದಾಗಲೆಲ್ಲ ದೋಣಿಯ ಪಕ್ಕೆಗೆ ಗುಮ್ಮುತ್ತಿತ್ತು. ಕೆಟ್ಟ ಹೋರಿಯ ಹಾಗೆ. ನನ್ನ ಗಂಟಿಲ್ಲದ ಮರ ಅವನ ದೋಣಿಗೇ ತೂತು ಕೊರೆಯಲು ನಿಂತಿತ್ತು. ಅವನು ಹಾಸಿಗೆ, ದಿಂಬು ಎರಡನ್ನೂ ಎಳೆದು ತಂದು ನಡುವೆ ತುರುಕಿದ. ಇನ್ನು ಕಂಬವನ್ನು ಉಳಿಸಿಕೊಳ್ಳುವುದೋ, ಬಿಡುವುದೋ? ಒಬ್ಬನೇ ಎತ್ತಲಾರ. ಹಾಯಿಯ ಕೆಳಗಿನ ಅಡ್ಡಮರ ಮತ್ತು ಮುಂದಿನ ಸಣ್ಣ ಹಾಯಿ, ಇವೆರಡನ್ನು ಮಾತ್ರ ಬಿಚ್ಚಿ ಒಳಗೆಳೆದುಕೊಂಡ. ಪಕ್ಕದ ತಂತಿಗಳ ಪಿನ್ನುಗಳನ್ನು ಒಂದೊಂದಾಗಿ ಬಡಿದು ತೆಗೆದ. ದೋಣಿಯ ಮೂತಿಗೆ ಬಿಗಿದಿದ್ದ ತಂತಿ ಒಂದನ್ನು ಹಾಗೇ ಬಿಟ್ಟ. ಆಗ ಕಂಬ ದೋಣಿಯ ಮುಂದಕ್ಕೆ ಸರಿದು, ನೀರಿನಲ್ಲಿ ಭಾರವಾಗಿ ತೂಗುತ್ತಾ, ಲಂಗರಿನ ಹಾಗೆ ದೋಣಿಯನ್ನು ಅಲೆಗೆ ಎದುರಾಗಿ ಹಿಡಿದು ನಿಲ್ಲಿಸಿತು. ಗುಮ್ಮುವುದೂ ನಿಂತಿತು.

ಆ ಹೊತ್ತಿನಲ್ಲಿ ಚಹಾ ಮಾಡಿಕೊಂಡು ಕುಡಿದನಂತೆ. ಎರಡು ಲೋಟ.

"ಎರಡು ಯಾಕೋ?"

"ಮೊದಲನೇದು ಚೆಲ್ಲಿಹೋಯ್ತು."

ಕಂಬವಿಲ್ಲದ ದೋಣಿ ಸಂತೆಗೆ ಬಂದ ಕುಡುಕನ ಹಾಗೆ ತೂರಾಡುತ್ತದೆ. ಮೇಲಿನ ಭಾರ ಹೋಗಿಬಿಟ್ಟಿದೆಯಲ್ಲ, ಒಂದು ಗಳಿಗೆಯೂ ನಿಲ್ಲುವುದಿಲ್ಲ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹೊಟ್ಟೆ ತೊಳಸದವನು ಅವತ್ತು ಕರುಳು ಬಾಯಿಗೆ ಬರುವಷ್ಟು ಕಾರಿಕೊಂಡ. ಕಾರಿಕೊಂಡು, ಬಾಯಿ ತೊಳೆದು, ಕೆಲಸಕ್ಕೆ ಕೂತ. ಉಳಿಸಿಕೊಂಡಿದ್ದ ಅಡ್ಡಮರವನ್ನು ಮೋಟು ಕಂಬಕ್ಕೆ ಆನಿಸಿ ನಿಲ್ಲಿಸಿ ಹಗ್ಗದಿಂದ ಬಿಗಿದ, ಸಣ್ಣ ಹಾಯಿಯನ್ನು ಅಡ್ಡಡ್ಡ ತಿರುಗಿಸಿ ಅದಕ್ಕೆ ಕಟ್ಟಿದ. ಸೂರ್ಯ ಮುಳುಗುವ ಮುಂಚೆ ಮೂತಿಯ ಪಿನ್ನನ್ನೂ ತೆಗೆದು ಕಂಬವನ್ನು ಬಿಟ್ಟುಬಿಟ್ಟ.

"ನಿನ್ನ ಕಂಬ ಬಿಡುವಾಗ ಮಾತ್ರ ಸ್ವಲ್ಪ ಕಷ್ಟ ಆಯ್ತು ಭಾವ."

ಆ ಪಿನ್ನು ಹಾಕಿದವನೂ ನಾನೇ. ಒಂದು ಎಳೆ ದಪ್ಪದ್ದು ಹಾಕಬಹುದಿತ್ತು. ಅವನಿಗೂ ಅದು ಗೊತ್ತು. ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ.

ದೋಣಿ ಮುದುಕಿ ನಡೆದಷ್ಟು ವೇಗದಲ್ಲಿ ಹೊರಟಿತು. ಗಾಳಿ ಬೆನ್ನಿಗಿದ್ದುದು ಪುಣ್ಯ. ರೇಡಿಯೋದ ಆಂಟೆನಾ ಕಂಬದ ತುದಿಯಲ್ಲಿತ್ತು, ಅದರ ಜೊತೆಗೇ ಹೋಯಿತು. ಉಳಿದದ್ದು ಕೈಯಲ್ಲಿ ಹಿಡಿಯುವ ವಾಕಿಟಾಕಿ. ಅದರ ದನಿ ಕಣ್ಣಿಗೆ ಕಾಣುವಷ್ಟು ದೂರಕ್ಕೆ ಮಾತ್ರ. ಮರುದಿನ ಬೆಳಿಗ್ಗೆ ಒಂದು ದೊಡ್ಡ ಸರಕಿನ ಹಡಗು ಹತ್ತಿರದಲ್ಲಿ ಹಾದುಹೋಯಿತು. ಹಡಗಿನವರೇ ನೋಡಿ ಮಾತಾಡಿಸಿದರು. ಏಣಿ ಇಳಿಸುತ್ತೇವೆ, ಹತ್ತಿ ಬನ್ನಿ; ದೋಣಿಯನ್ನು ಬಿಡಬೇಕಾಗುತ್ತದೆ ಎಂದರು.

ಅವನು ಆಗಲೂ ಮೊದಲು ಲೆಕ್ಕ ಹಾಕಿದ. ನೀರು ಆರು ದಿನಕ್ಕಿದೆ. ತೂತಿಲ್ಲ. ಗಾಳಿ ದಡದ ಕಡೆಗೇ ಇದೆ. "ಬೇಡ, ಉಪಕಾರ ಆಯ್ತು. ಮನೆಗೊಂದು ಸುದ್ದಿ ಮುಟ್ಟಿಸಿದರೆ ಸಾಕು" ಎಂದ.

ಸುದ್ದಿ ಬಂದರು ಕಚೇರಿಯ ಗುಮಾಸ್ತರ ಮೂಲಕ ನಮ್ಮ ಅಂಗಡಿಯ ಫೋನಿಗೆ ಬಂತು. ಕಂಬ ಹೋಯಿತು, ನಾನು ಚೆನ್ನಾಗಿದ್ದೇನೆ, ಒಂದೆರಡು ದಿನ ತಡ. ಅಂಗಡಿಗೆ ಬಂದಿದ್ದ ತಂಗಿ ಕೈಯಲ್ಲಿದ್ದ ಅಳತೆಪಟ್ಟಿಯನ್ನು ಮೆಲ್ಲಗೆ ಸುತ್ತಿಟ್ಟಳು.

"ಇದು ಕರೆದ ಹಾಗಾಯ್ತಾ ಅಣ್ಣ?"

"ಇಲ್ಲಮ್ಮ. ಸುದ್ದಿ ಹೇಳಿದ್ದು, ಅಷ್ಟೇ."

"ಆಗಲೇ ಅವರ ಕಡೆ ವಾಲಿದೆ ನೋಡು" ಎಂದಳು. ಆದರೆ ಆ ಮಧ್ಯಾಹ್ನದಿಂದಲೇ ಬಂದರು ಕಚೇರಿಯ ಬೆಂಚಿನ ಮೇಲೆ ಹೋಗಿ ಕೂತಳು. ಹೆಣಿಗೆಯ ಕಡ್ಡಿ, ನೂಲಿನ ಉಂಡೆ, ಒಂದು ಡಬ್ಬಿ ಬಿಸ್ಕತ್ತು. ಗುಮಾಸ್ತರು ಬಾಗಿಲು ಹಾಕುವಾಗ ಎದ್ದು ಬರುವುದು, ತೆಗೆಯುವಾಗ ಹೋಗಿ ಕೂರುವುದು. "ಅಮ್ಮ, ಸುದ್ದಿ ಬಂದರೆ ನಾನೇ ಫೋನ್ ಮಾಡ್ತೀನಲ್ಲ" ಎಂದು ಅವರು ಹೇಳಿದರೆ, "ನಿಮಗೇನು ತೊಂದರೆ? ಬೆಂಚು ನಿಮ್ಮ ಮಾವನ ಮನೆಯಿಂದ ತಂದದ್ದಾ?" ಎಂದಳಂತೆ. ಆಮೇಲೆ ಅವರು ಬಾಯಿಗೆ ಬೀಗ ಹಾಕಿಕೊಂಡರು. ಬಿಸ್ಕತ್ತನ್ನೂ ತಿಂದರು.

ಅವಳು ಕಾಯತೊಡಗಿದ ಮೂರನೆಯ ದಿನ ಹನ್ನೆರಡು ಗಂಟೆಯ ಹೊತ್ತಿಗೆ ಕಟ್ಟೆಯ ತುದಿಯಿಂದ ದೋಣಿ ಕಾಣಿಸಿತು. ನಾನೂ ಅಂಗಡಿ ಮುಚ್ಚಿ ಬಂದಿದ್ದೆ. ಮೋಟು ಕಂಬ, ಅದಕ್ಕೆ ತೇಪೆಯ ಹಾಗೆ ಒಂದು ಹಾಯಿ. ಬಂದರಿನ ಬಾಯಲ್ಲಿ ಮರಳಿನ ದಿಬ್ಬವಿದೆ. ಸಮುದ್ರ ಇಳಿಯುವ ಹೊತ್ತಿನಲ್ಲಿ ಅಲೆ ಅಲ್ಲಿ ಒಡೆದು ಬೆಳ್ಳಗೆ ನೊರೆಯಾಗುತ್ತದೆ. ಅದನ್ನು ದಾಟಲು ಎಂಜಿನ್ ಬೇಕು. ಅದಕ್ಕೆಂದೇ ಅವನು ಅಷ್ಟು ದಿನ ಡೀಸೆಲ್ ಉಳಿಸಿಕೊಂಡಿದ್ದ.

ಎಂಜಿನ್ ಚಾಲೂ ಮಾಡಿದ. ಹತ್ತು ಮಾರು ಬಂದಿರಬಹುದು, ಗಕ್ಕೆಂದು ನಿಂತಿತು. ನೀರಿನ ಹಗ್ಗಗಳನ್ನೆಲ್ಲ ಎಣಿಸಿ ಎಣಿಸಿ ಒಳಗೆಳೆದವನು ಮೋಟು ಕಂಬದ ಬುಡಕ್ಕೆ ಕಟ್ಟಿದ್ದ ಬಾವುಟದ ದಾರವನ್ನು ಮರೆತಿದ್ದ. ಕಿರುಬೆರಳಿಗಿಂತ ಸಣ್ಣದು. ಮೂರು ದಿನ ದೋಣಿಯ ಹಿಂದೆ ಬಾಲದ ಹಾಗೆ ತೇಲುತ್ತಾ ಬಂದು, ಈಗ ಪಂಖಕ್ಕೆ ಸುತ್ತಿಕೊಂಡಿತ್ತು. ಗಾಳಿಯೂ ಬಿದ್ದುಹೋಗಿತ್ತು. ಅಲೆ ದೋಣಿಯನ್ನು ದಿಬ್ಬದ ಕಡೆ ತಳ್ಳತೊಡಗಿತು. ಅವನು ಗಡಬಡಿಸದೆ ಮುಂದೆ ಹೋಗಿ ಲಂಗರು ಬಿಟ್ಟ. ಲಂಗರು ಕಚ್ಚಿತು.

ಕಟ್ಟೆಯಿಂದ ನಮಗೆ ಕಂಡದ್ದು, ಅವನು ಅಂಗಿ ಬಿಚ್ಚಿದ್ದು. ಬಾಯಲ್ಲಿ ಚಾಕು ಕಚ್ಚಿಕೊಂಡು ದೋಣಿಯ ಅಂಚಿಗೆ ಬಂದು ಕೂತದ್ದು. ಕೆಳಗೆ ಇಳಿದು ದಾರ ಕೊಯ್ದರೆ ಆಯಿತು, ತಾನಾಗಿಯೇ ಒಳಗೆ ಬರಬಹುದು. ಯಾರನ್ನೂ ಕರೆಯಬೇಕಾಗಿಲ್ಲ. ಆದರೆ ದೋಣಿಯ ಹಿಂಭಾಗ ಆಳೆತ್ತರ ಏಳುತ್ತಿತ್ತು, ಬೀಳುತ್ತಿತ್ತು. ಅದರಡಿ ಹೋದವನ ತಲೆಗೆ ಒಂದೇ ಒಂದು ಪೆಟ್ಟು ಬಿದ್ದರೂ ಮೇಲೆತ್ತಲು ದೋಣಿಯಲ್ಲಿ ಇನ್ನೊಬ್ಬರಿಲ್ಲ.

ನಾನು ಕಚೇರಿಯೊಳಗೆ ಓಡಿದೆ. ತಂಗಿಯ ಹೆಣಿಗೆಯ ಕಡ್ಡಿ ನಿಂತಿತ್ತು. ಕಿಟಕಿಯಿಂದ ಅವಳಿಗೂ ಕಾಣುತ್ತಿತ್ತು. ಜೀವಮಾನದಲ್ಲಿ ಅವಳು ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ಕಂಡಿಲ್ಲ.

ಅವನು ಅಂಚಿನಲ್ಲಿ ಕೂತೇ ಇದ್ದ. ಆಮೇಲೆ ಚಾಕುವನ್ನು ಬಾಯಿಂದ ತೆಗೆದು ಪಕ್ಕಕ್ಕಿಟ್ಟ. ಅಂಗಿ ಹಾಕಿಕೊಂಡ. ಗುಂಡಿಗಳನ್ನೆಲ್ಲ ಹಾಕಿಕೊಂಡ. ಕಚೇರಿಯ ಮೇಜಿನ ಮೇಲಿನ ರೇಡಿಯೋ ಗೊರಗುಟ್ಟಿತು.

"ಬಂದರು ಕಚೇರಿಯವರೇ, ಕೇಳಿಸ್ತಿದೆಯಾ? ಪಂಖಕ್ಕೆ ದಾರ ಸುತ್ತಿದೆ. ನನ್ನ ಕೈಲಾಗಲ್ಲ. ಎಳೆದುಕೊಂಡು ಹೋಗೋಕೆ ಒಂದು ದೋಣಿ ಕಳಿಸಿ."

ಗುಮಾಸ್ತರು ತಂಗಿಯ ಮುಖ ನೋಡಿದರು. ಕರಾರಿನ ಕಥೆ ಇಡೀ ಬಂದರಿಗೇ ಗೊತ್ತು. "ತುರ್ತಾ?" ಎಂದು ಕೇಳಿದರು.

"ಲಂಗರು ಕಚ್ಚಿದೆ. ಊಟಕ್ಕೆ ಕೂತಿದ್ದರೆ ಮುಗಿಸಿಕೊಂಡೇ ಬರಲಿ." ಮತ್ತೆ ಅವನೇ, "ನನ್ನ ಹೆಂಡತಿ ಅಲ್ಲೇ ಇದ್ದಾಳಾ?"

ತಂಗಿ ಗುಮಾಸ್ತರ ಕೈಯಿಂದ ಅದನ್ನು ಕಿತ್ತುಕೊಂಡಳು. "ಇದ್ದೀನ್ರೀ."

"ಕೇಳಿಸ್ತಲ್ಲ?"

"ಕೇಳಿಸ್ತು. ಟೋಪಿ ಹಾಕ್ಕೊಳ್ಳಿ, ಬಿಸಿಲಿದೆ."

ಮೀನುಗಾರರ ದೋಣಿಯೊಂದು ಹೋಗಿ ಅವನನ್ನು ಎಳೆದು ತಂದಿತು. ನೆಲಕ್ಕೆ ಕಾಲಿಟ್ಟಾಗ ಅವನು ಸ್ವಲ್ಪ ವಾಲಿದ, ಅವಳು ಮೊಣಕೈ ಹಿಡಿದಳು. ಕರಾರಿನ ಮಾತು ಇಬ್ಬರೂ ಎತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ. ವಾರ ಕಳೆದ ಮೇಲೆ ಅವನು ನನ್ನ ಕಡೆಗೆ ಬಂದು, ಕೆಲಸದ ಮೇಜಿಗೆ ಒರಗಿ ನಿಂತ.

"ಹೊಸ ಕಂಬ ಬೇಕು ಭಾವ. ಒಂದು ಹಲಗೆಯೂ ಬೇಕು, ಎದುರು ಪಕ್ಕಕ್ಕೆ. ಇನ್ನೊಬ್ಬರು ಮಲಗುವಂಥದ್ದು."

"ಅವಳು ಬರ್ತಾಳಂತಾ?"

"ಬರ್ತಾಳಂತೆ."

"ಕಿವಿಯ ರಜೆ?"

ಅವನು ನಕ್ಕ. ನಗು ಪೂರ್ತಿ ಆಗಲಿಲ್ಲ. "ಹೋಯ್ತು" ಎಂದ. ಆಮೇಲೆ ಪೊರಕೆ ತೆಗೆದುಕೊಂಡು ತನ್ನ ಕಡೆಗೆ ಹೋದ.

ಹಲಗೆ ಕೂರಿಸಿದ ದಿನ ತಂಗಿ ದೋಣಿಗಿಳಿದು, ಚಪ್ಪಲಿ ಬಿಚ್ಚಿ, ಅದರ ಮೇಲೆ ಉದ್ದಕ್ಕೆ ಮಲಗಿ ನೋಡಿದಳು. ಆ ಕಡೆ ಹೊರಳಿದಳು, ಈ ಕಡೆ ಹೊರಳಿದಳು. "ತಲೆ ಕಡೆ ಇನ್ನೆರಡು ಬೆರಳು ಅಗಲ ಮಾಡು ಅಣ್ಣ. ಮತ್ತೆ ಈ ಡಬ್ಬ ಇಲ್ಲಿ ಯಾಕಿದೆ? ಕಾಲು ಎಲ್ಲಿ ಚಾಚಲಿ ನಾನು?"

ಅದು ಅವನ ಸಾಮಾನಿನ ಡಬ್ಬ. ಹತ್ತು ವರ್ಷದಿಂದ ಅಲ್ಲೇ ಇತ್ತು. ಗಾಜಿನಣ್ಣ ಬಗ್ಗಿ ಅದನ್ನೆತ್ತಿಕೊಂಡು, ಎಲ್ಲಿಡುವುದೆಂದು ದೋಣಿಯ ತುಂಬ ಜಾಗ ಹುಡುಕುತ್ತಾ ನಿಂತ.