ಹಡಗಿನಲ್ಲಿ ಕೇಳಿದ ಹುಳುಮನೆಯ ಸದ್ದು

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ದೆವ್ವ, ಶಕುನ, ಮೈಮೇಲೆ ಬರುವುದು, ಯಾವುದನ್ನೂ ನಂಬಿದವನಲ್ಲ. ಟೇಕಲ್ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ದೂರದಲ್ಲಿ ಬರುತ್ತಿರುವುದು ಗೂಡ್ಸೋ ಪ್ಯಾಸೆಂಜರೋ ಎಂದು ಸದ್ದಿನಿಂದಲೇ ಹೇಳುತ್ತಿದ್ದೆ. ನನ್ನ ಕಿವಿಯ ಮೇಲೆ ನನಗೆ ಸ್ವಲ್ಪ ಜಂಬವೇ ಇತ್ತು. ಆ ಕಿವಿ ಕೇಳಿಸಿಕೊಂಡದ್ದನ್ನೇ ಈಗ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ಸಿಂಗಪುರದಲ್ಲಿದ್ದ ನನ್ನ ತಮ್ಮ ನಮ್ಮಿಬ್ಬರನ್ನೂ ಕರೆಸಿಕೊಂಡ. ಮದ್ರಾಸಿನಿಂದ ಹಡಗು. ನನ್ನ ಹೆಂಡತಿ ರತ್ನ ಕೆರೆಗಿಂತ ದೊಡ್ಡ ನೀರು ಕಂಡವಳಲ್ಲ, ಸಮುದ್ರ ನೋಡಬೇಕೆಂಬ ಆಸೆ ಮಾತ್ರ ಬೆಟ್ಟದಷ್ಟು. ಆದರೆ ಹೊರಡುವ ಹೊತ್ತಿಗೆ ಮನೆಯಲ್ಲಿ ರೇಷ್ಮೆ ಹುಳುಗಳು ಮೂರನೇ ಜ್ವರದಲ್ಲಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಅವುಗಳನ್ನು ರತ್ನ ಮತ್ತು ಅವಳ ಅಕ್ಕ ಒಟ್ಟಿಗೆ ಸಾಕುತ್ತಿದ್ದರು. ತಾಯಿಯಿಲ್ಲದ ರತ್ನಳನ್ನು ಎತ್ತಿ ಆಡಿಸಿದ್ದೂ ಈ ಅಕ್ಕಯ್ಯನೇ. ಗಂಡ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಳು. ರತ್ನ ಹೋಗಲೋ ಬೇಡವೋ ಎಂದು ಹಿಂದೆಮುಂದೆ ನೋಡಿದಾಗ ನೀನು ಹೋಗು, ನಾನು ನೋಡಿಕೊಳ್ಳುತ್ತೇನೆ ಎಂದು ಅಕ್ಕಯ್ಯ ತೆಲುಗು ಬೆರೆಸಿ ಗದರಿದಳು. "ನುವ್ವು ಪೋವೇ, ನೇನು ಚೂಸ್ಕುಂಟಾನು. ಹುಳ ಏನು ನಿನ್ ಮುಖ ನೋಡ್ಕೊಂಡು ಸೊಪ್ಪು ತಿಂತಾವಾ?"

ಹಡಗಿಗೆ ನನಗಿಂತ ರತ್ನಳೇ ಬೇಗ ಹೊಂದಿಕೊಂಡಳು. ನಾನು ವಾಂತಿ ಮಾಡಿಕೊಂಡು ಬಿದ್ದಿದ್ದರೆ ಅವಳು ಮೇಲೆ ಡೆಕ್ಕಿನಲ್ಲಿ ತಮಿಳು ಹೆಂಗಸರಿಗೆ ಹುರಿಗಾಳು ಹಂಚುತ್ತ ಕೂತಿರುತ್ತಿದ್ದಳು. "ರೈಲಿನೋರಿಗೆ ಕೆಳಗೆ ಹಳಿ ಇಲ್ದಿದ್ರೆ ತಲೆ ತಿರುಗುತ್ತೆ" ಎಂದು ನನ್ನನ್ನು ಆಡಿಕೊಂಡು ನಗುತ್ತಿದ್ದಳು. ಅವಳು ಅಷ್ಟು ನಕ್ಕದ್ದನ್ನು ನಾನು ಎಂದೂ ನೋಡಿರಲಿಲ್ಲ. ಆಮೇಲೂ ನೋಡಲಿಲ್ಲ.

ದಡ ಕಣ್ಮರೆಯಾಗಿ ಮೂರ್ನಾಲ್ಕು ದಿನವಾಗಿತ್ತು. ಮಧ್ಯಾಹ್ನ ಊಟ ಮಾಡಿ ಕ್ಯಾಬಿನ್ನಿನಲ್ಲಿ ಮಲಗಿದ್ದೆವು. ಮಳೆ ಹಿಡಿದ ಸದ್ದಾಯಿತು. ಹೊರಗೆ ಒಣಹಾಕಿದ ಸೀರೆ ನೆನಪಾಗಿ ಎದ್ದು ಹೋದೆ. ಸುಡುಬಿಸಿಲು, ಸೀರೆ ಗರಿಗರಿಯಾಗಿ ಒಣಗಿತ್ತು. ಒಳಗೆ ಬಂದರೆ ಸದ್ದು ಮೊದಲಿಗಿಂತ ಜೋರಾಗಿತ್ತು. ರತ್ನ ಎದ್ದು ಕೂತಿದ್ದಳು.

"ಮಳೆ ಅಲ್ಲ ರೀ. ಹುಳ ಮೇಯ್ತಾ ಇದಾವೆ."

ಹುಳು ಸಾಕಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕನೇ ಜ್ವರದಿಂದ ಎದ್ದ ಹುಳುಗಳಿಗೆ ಸೊಪ್ಪು ಹಾಕಿದರೆ ಮನೆಯೆಲ್ಲ ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ ಕೇಳಿಸುತ್ತದೆ. ಎಂಜಿನ್ನಿನ ಸದ್ದಿರಬೇಕೆಂದು ನಾನು ಗೋಡೆಗೆ ಕಿವಿಯಿಟ್ಟೆ. ಎಂಜಿನ್ನಿನದು ಬೇರೆಯಾಗಿ ಕೆಳಗಿನಿಂದ ಬರುತ್ತಿತ್ತು. ಇದು ನಮ್ಮ ಸುತ್ತಲೂ ಇತ್ತು. ಪಕ್ಕದ ಕ್ಯಾಬಿನ್ನಿನ ಹೆಂಗಸನ್ನು ಕರೆತಂದೆ. ಅವರಿಗೆ ಏನೂ ಕೇಳಿಸಲಿಲ್ಲ, ನಮ್ಮಿಬ್ಬರ ಮುಖ ನೋಡಿ ಹೊರಟುಹೋದರು.

ಅವರು ಹೋದ ಮೇಲೆ ಸದ್ದು ನಿಂತಿತು. ಸೊಪ್ಪು ಮುಗಿಯುತ್ತ ಬಂದಾಗ ಹುಳು ಸಾಕುವ ಒಂದೊಂದೇ ಬಿದಿರು ತಟ್ಟೆಯಲ್ಲಿ ಸದ್ದು ತೆಳುವಾಗುತ್ತ ಹೋಗುವುದು ವಾಡಿಕೆ. ಇದು ಹಾಗಲ್ಲ, ಎಲ್ಲ ಕಡೆ ಒಂದೇ ಸಲ ನಿಂತಿತು. ರತ್ನ ನನ್ನ ತೋಳು ಹಿಡಿದುಕೊಂಡಳು.

"ಯಾವತ್ತೂ ಹಿಂಗೆ ಒಟ್ಟಿಗೆ ನಿಲ್ಲಲ್ಲ. ಅಕ್ಕಯ್ಯಂಗೆ ಏನೋ ಆಗಿದೆ. ನಾನು ಊರಿಗೆ ಹೋಗ್ತೀನಿ ರೀ."

ಬಸ್ಸಾಗಿದ್ದರೆ ಕೂಗಿ ನಿಲ್ಲಿಸಿ ಇಳಿಯಬಹುದಿತ್ತು. ನಡುನೀರಿನಲ್ಲಿ ಎಲ್ಲಿಗೆ ಇಳಿಯುವುದು? ರತ್ನ ಹಡಗಿನ ಅಧಿಕಾರಿಯೊಬ್ಬರ ಮುಂದೆ ನಿಂತು, ಹಿಂದಕ್ಕೆ ತಿರುಗಿಸಿ ಎಂದು ಕನ್ನಡದಲ್ಲೇ ಕೈಮುಗಿದಳು. ಅವರು ಪಾಪ, ಅರ್ಥವಾಗದೆ ಕುಡಿಯಲು ನೀರು ಕೊಟ್ಟರು. ಉಳಿದ ದಾರಿಯೆಲ್ಲ ಅವಳು ಹಡಗಿನ ಹಿಂಬದಿಯಲ್ಲಿ, ಬಂದ ದಿಕ್ಕಿಗೆ ಮುಖ ಮಾಡಿ ಕೂತಳು. ಎದುರಿಗೆ ನೀರು ಬಿಟ್ಟರೆ ಏನೂ ಇಲ್ಲ. ಅಷ್ಟು ನೀರನ್ನು ನಾನು ಜೀವಮಾನದಲ್ಲಿ ಮತ್ತೆ ನೋಡದಿದ್ದರೂ ಸಾಕು ಎನ್ನಿಸಿತು.

ಸಿಂಗಪುರದ ದಕ್ಕೆಯಲ್ಲಿ ತಮ್ಮ ಒಬ್ಬನೇ ನಿಂತಿದ್ದ. ಅವನ ಮುಖ ನೋಡಿಯೇ ರತ್ನ ನೆಲದ ಮೇಲೆ ಕೂತುಬಿಟ್ಟಳು. ನಾವು ನೀರಿನ ಮೇಲಿದ್ದಾಗಲೇ ಅವನಿಗೆ ಊರಿನಿಂದ ತಂತಿ ಬಂದಿತ್ತು. ನಮಗೆ ಆ ಸದ್ದು ಕೇಳಿಸಿದ ಮಧ್ಯಾಹ್ನವೇ ಅಕ್ಕಯ್ಯ ತೀರಿಕೊಂಡಿದ್ದಳು.

ಅದೇ ಹಡಗು ವಾಪಸು ಹೊರಟಾಗ ಹತ್ತಿದೆವು. ರತ್ನ ಆಗ ಡೆಕ್ಕಿಗೆ ಬರಲೇ ಇಲ್ಲ. ಮಧ್ಯಾಹ್ನವಾದರೆ ಕ್ಯಾಬಿನ್ನಿನ ಗೋಡೆಗೆ ಕಿವಿಯಿಟ್ಟು ಮಲಗುವಳು. "ಕೇಳಿಸ್ತಾ ರೀ?" ಎನ್ನುವಳು. "ಇಲ್ಲ ಕಣೇ" ಎನ್ನುತ್ತಿದ್ದೆ. ಮದ್ರಾಸು ಬರುವವರೆಗೂ ಪ್ರತಿದಿನ ಇದೇ ಆಯಿತು.

ಊರಿನಲ್ಲಿ ಪಕ್ಕದ ಮನೆಯ ಚೌಡಪ್ಪ ಹೇಳಿದ ಮಾತು ಇನ್ನೂ ನನ್ನ ತಲೆಯಲ್ಲಿ ಕೂತಿದೆ. "ಗೋಡೆ ಆಚೆಯಿಂದ ಮೇಯೋ ಸದ್ದು ಬರ್ತಾನೇ ಇತ್ತಣ್ಣಾ. ತಟ್ ಅಂತ ನಿಂತೋಯ್ತು. ಅದಕ್ಕೇ ಓಡೋಗಿ ನೋಡ್ದೆ. ಅಕ್ಕಯ್ಯ ಸೊಪ್ಪಿನ ಬುಟ್ಟಿ ಪಕ್ಕ ಒರಗಿದ್ಲು. ತಟ್ಟೆ ತುಂಬ ಹಸಿ ಸೊಪ್ಪು ಹಂಗೇ ಇತ್ತು, ಹುಳ ಎಲ್ಲಾ ತಲೆ ಎತ್ಕೊಂಡು ಸುಮ್ನಿದ್ವು."

ಹುಳುಗಳು ಯಾಕೆ ನಿಂತವು? ಅದು ಸಮುದ್ರದ ನಡುವೆ ನಮಗಿಬ್ಬರಿಗೆ ಹೇಗೆ ಕೇಳಿಸಿತು? ಯೋಚಿಸಿ ಯೋಚಿಸಿ ಸೋತಿದ್ದೇನೆ. ಕಾಕತಾಳೀಯ ಎನ್ನುವವರಿದ್ದಾರೆ. ಹಿಂದೆ ನಾನೂ ಅದನ್ನೇ ಹೇಳುತ್ತಿದ್ದೆ.

ರತ್ನ ಮತ್ತೆ ಹುಳು ಸಾಕಲಿಲ್ಲ. ಕೆಲವು ವರ್ಷಗಳ ನಂತರ ಹಾಸಿಗೆ ಹಿಡಿದಳು. ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಕಣ್ಣು ಬಿಟ್ಟು ಅದೇ ಪ್ರಶ್ನೆ ಕೇಳಿದಳು. "ಕೇಳಿಸ್ತಾ ರೀ?" ಮನೆ ಮೌನವಾಗಿತ್ತು. ಅವಳಿಗೆ ಸಮಾಧಾನವಾಗಲಿ ಎಂದು ಜೀವನದಲ್ಲಿ ಮೊದಲ ಸಲ ನನ್ನ ಕಿವಿಯ ಬಗ್ಗೆ ಸುಳ್ಳು ಹೇಳಿದೆ. "ಹೂಂ ಕಣೇ, ಕೇಳಿಸ್ತಿದೆ" ಎಂದೆ.

ಅವಳು ಪಕ್ಕದ ಗೋಡೆಗೆ ಕಿವಿಯಿಟ್ಟಳು.

"ನಂಗೆ ಏನೂ ಕೇಳಿಸ್ತಿಲ್ಲ ರೀ" ಎಂದಳು.