ಬೋಣಿಗೆ ಕಾದ ಪೀಚ್ ಹಣ್ಣು

ಆಲಿಕಲ್ಲಿನ ಏಟು ತಿನ್ನದ ಪೀಚ್ ಹಣ್ಣು ನೂರಕ್ಕೆ ತೊಂಬತ್ತು ಬೊಲಿವಿಯಾನೊ. ಏಟು ತಿಂದದ್ದು ನಲವತ್ತು. ಎಳೆ ಮುಸುಕಿನ ಜೋಳ ನೂರು ತೆನೆಗೆ ಅರವತ್ತು, ಕಾರ್ನಿವಲ್ ಹಬ್ಬ ದಾಟಿದರೆ ಅದರ ಅರ್ಧ. ಅಂಜೂರಕ್ಕೆ ಬೆಲೆ ಕೇಳುವವರೇ ಇಲ್ಲ; ಈ ಸಲದ ಬೇಸಿಗೆ ಮಳೆಗೆ ಅದು ಮರದಲ್ಲೇ ಬಾಯಿ ಬಿಟ್ಟಿದೆ. ಬೊಲಿವಿಯಾದ ಪುನಾತಾದಲ್ಲಿ ಫೆಬ್ರವರಿಯ ಮಂಗಳವಾರದ ಸಂತೆಗೆ ಇದು ಬೆಳಗಿನ ದರ. ಮಧ್ಯಾಹ್ನದ ದರ ಎಷ್ಟು ಲಾರಿ ಬಂದವು ಎಂಬುದರ ಮೇಲೆ.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಣ್ಣಿನ ಸಾಲಿನ ಮೂಲೆಯಲ್ಲಿ, ಎಲ್ಲರೂ ಗೌರವದಿಂದ ದೋನ್ಯಾ ಎನ್ನುವ ಪ್ರಿಮಿತೀವಾ ಸುರಿತಾ ಬಿಳಿ ಟೋಪಿಯನ್ನು ಹಿಂದಕ್ಕೆ ಸರಿಸಿ, ನೆರಿಗೆ ಲಂಗವನ್ನು ಮಂಡಿಗೆ ಸುತ್ತಿ ಕೂತು, ನೆಲಕ್ಕೆ ಹಾಸಿದ ಬಟ್ಟೆಯ ಮೇಲೆ ಪೀಚ್ ಹಣ್ಣು ಜೋಡಿಸುತ್ತಿದ್ದಾರೆ. ಪ್ರತಿ ಹಣ್ಣನ್ನೂ ಅಂಗೈಯಲ್ಲಿಟ್ಟು ಒಂದು ಸುತ್ತು ತಿರುಗಿಸಿ, ಕೆಂಪು ಕೆನ್ನೆ ಮೇಲಕ್ಕೆ ಬರುವಂತೆ ಇಡುತ್ತಾರೆ. “ಹಣ್ಣನ್ನ ಹಿಸುಕಿ ನೋಡಬಾರದು. ಬೆಳಗ್ಗೆ ಹಿಸುಕಿದೋರ ಬೆರಳು ಸಂಜೆಗೆ ಹಣ್ಣಿನ ಮೇಲೆ ಕಪ್ಪಾಗಿ ಕಾಣತ್ತೆ” ಎನ್ನುತ್ತಾರೆ. ಐವತ್ತೆಂಟರ ಈ ಹೆಂಗಸು ಕೂತಿರುವುದು ಅವರ ತಾಯಿ ಕೂರುತ್ತಿದ್ದ ಜಾಗದಲ್ಲೇ.

ಸೋಮವಾರ ಸಾನ್ ಬೆನಿತೊ ಕಡೆಯ ತೋಟಗಳಿಗೆ ಹೋಗಿ ಮರದ ಬುಡದಲ್ಲೇ ಆರಿಸಿ ಕೊಳ್ಳುತ್ತಾರೆ. ಮೈದುನನ ಲಾರಿಯಲ್ಲಿ ಹಣ್ಣಿನ ಪೆಟ್ಟಿಗೆಗಳ ಮೇಲೆಯೇ ಕೂತು ಬರುತ್ತಾರೆ. ಲಾರಿ ಬಾಡಿಗೆ, ಜಾಗದ ಸುಂಕ, ಕೊಳೆತದ್ದು ಎಲ್ಲ ಕಳೆದರೆ ನೂರು ಹಣ್ಣಿಗೆ ಹದಿನೈದು ಬೊಲಿವಿಯಾನೊ ಉಳಿಯುತ್ತದೆ. ಒಳ್ಳೆಯ ಮಂಗಳವಾರ ಸಾವಿರ ಹಣ್ಣು ಹೋಗುತ್ತದೆ. ಮಳೆ ಹಿಡಿದರೆ ಪ್ಲಾಸ್ಟಿಕ್ ಹಾಳೆಯನ್ನು ಹಣ್ಣಿಗೆ ಹೊದಿಸಿ ತಾವು ನೆನೆಯುತ್ತಾರೆ. ಮಂಡಿ ನೋವಿಗೆ ಮದ್ದು ಕೇಳಿದರೆ, “ಏಪ್ರಿಲ್‌ನಲ್ಲಿ ಹಣ್ಣು ಮುಗಿಯತ್ತಲ್ಲ, ಅದೇ ಮದ್ದು” ಎನ್ನುತ್ತಾರೆ.

ಇಷ್ಟು ವರ್ಷ ಅವರ ಬೋಣಿ ಒಬ್ಬರದೇ ಕೈಯಿಂದ. ಅವರು ದೋನ್ಯಾ ಹೆರ್ಮೆಲಿಂದಾ. ಪೀಚ್ ಹಣ್ಣಿನ ಸಿಪ್ಪೆ ಸುಲಿದು, ಬಿಸಿಲು ಸಿಕ್ಕಾಗ ಮಾಳಿಗೆಯ ಮೇಲೆ ಒಣಗಿಸಿ, ಚಕ್ಕೆ ಹಾಕಿ ಕುದಿಸಿದ ಪಾನಕವನ್ನು ವರ್ಷವಿಡೀ ಮಾರುವವರು. ಈ ಸಂತೆಯಲ್ಲಿ ವರ್ತನೆಯ ಗಿರಾಕಿಯನ್ನು ಮಾರುವವಳು ‘ಕಸೇರಾ’ ಎನ್ನುತ್ತಾಳೆ, ಮಾರುವವಳನ್ನು ಗಿರಾಕಿಯೂ ‘ಕಸೇರಾ’ ಎನ್ನುತ್ತಾಳೆ. ಇಬ್ಬರಿಗೂ ಒಂದೇ ಹೆಸರು, ಗಂಡ ಹೆಂಡತಿಗಿಂತ ಹತ್ತಿರ. ಹೆರ್ಮೆಲಿಂದಾ ಅವರ ಕೈಗುಣ ಇಡೀ ಸಾಲಿಗೆ ಗೊತ್ತು; ಅಂದು ಅವರು ಮೊದಲು ಕೊಂಡ ಕಡೆಗೆ ಮಾತ್ರ ಅದು ಒಲಿಯುತ್ತದೆ ಎಂಬ ನಂಬಿಕೆ. ಅವರು ಬೋಣಿ ಮಾಡಿದ ದಿನ ಪ್ರಿಮಿತೀವಾ ಹಣ್ಣನ್ನು ಮನೆಗೆ ಹೊತ್ತುಕೊಂಡು ಹೋದದ್ದಿಲ್ಲ.

ಜನವರಿಯಲ್ಲಿ ಆಲಿಕಲ್ಲು ಬಿತ್ತು. ಹೆರ್ಮೆಲಿಂದಾ ಬಂದು, “ಕಸೇರಾ, ನನಗೆ ಏಟು ತಿಂದ ಹಣ್ಣೇ ತಂದುಕೊಡು. ಹೆಂಗೂ ಸಿಪ್ಪೆ ತೆಗೀತೀನಿ, ಕಲೆ ಅದರ ಜೊತೆ ಹೋಗತ್ತೆ” ಎಂದು ಕೇಳಿದರು. ಪ್ರಿಮಿತೀವಾ, “ಹಂದಿಗೆ ಹಾಕೋದನ್ನ ನನ್ನ ಬಟ್ಟೆ ಮೇಲೆ ಹರಡಲಾ?” ಎಂದುಬಿಟ್ಟರು.  ಮುಂದಿನ ಮಂಗಳವಾರ ಹೆರ್ಮೆಲಿಂದಾ ಪಕ್ಕದ ಬಟ್ಟೆಯ ಮುಂದೆ ಬುಟ್ಟಿ ಇಳಿಸಿದರು.

ಪಕ್ಕದ ಬಟ್ಟೆ ದೋನ್ಯಾ ಅಸುಂತಾ ಕ್ಲಾರೋಸ್ ಅವರದು. ಸಾಲಿಗೆ ಹೊಸಬರು, ನಗುಮುಖದವರು. ವ್ಯಾಪಾರ ಹೋದರೆ ಹೋಗಲಿ, ಬೋಣಿಯೂ ಅಲ್ಲಿಗೇ ಹೋದದ್ದನ್ನು ಪ್ರಿಮಿತೀವಾ ಸಹಿಸಲಾರರು. ಅಂದಿನಿಂದ ಅವರ ಕಣ್ಣು ಸ್ವಂತ ಹಣ್ಣಿಗಿಂತ ಪಕ್ಕದ ಹಣ್ಣಿನ ಮೇಲೇ. ಅಸುಂತಾ ಅವರ ಹಣ್ಣಿಗೆ ನೊಣ ಮುತ್ತಿದರೂ ನನ್ನ ಹಣ್ಣಿಗೆ ಯಾಕೆ ಬರಲಿಲ್ಲ ಎಂಬ ಸಂಕಟ. “ಹೊಟ್ಟೆಕಿಚ್ಚು ಅಂತ ಯಾರಾದ್ರೂ ಅಂದ್ರೆ ಹೌದು ಅಂತೀನಿ. ಹೊಟ್ಟೆ ಇದ್ದೋರಿಗೆ ಕಿಚ್ಚೂ ಇರತ್ತೆ” ಎನ್ನುತ್ತಾರೆ.

ಈ ಮಂಗಳವಾರ ಅವರ ಬೆನ್ನ ಹಿಂದೆ, ಬಣ್ಣದ ಹೊದಿಕೆಯ ಅಡಿಯಲ್ಲಿ ಒಂದು ಪೆಟ್ಟಿಗೆ ಅಡಗಿದೆ. ಅದರಲ್ಲಿ ಏಟು ತಿಂದ ಹಣ್ಣು. ತೋಟದವನು ನಗುತ್ತಲೇ ತುಂಬಿಕೊಟ್ಟಿದ್ದಾನೆ. ಹೆರ್ಮೆಲಿಂದಾ ಇವತ್ತು ಬೋಣಿ ಮಾಡಬೇಕು, ಅಲ್ಲಿಯವರೆಗೆ ಯಾರಿಗೂ ಒಂದು ಹಣ್ಣು ಕೊಡುವುದಿಲ್ಲ ಎಂದು ಪ್ರಿಮಿತೀವಾ ಮನಸ್ಸು ಗಟ್ಟಿ ಮಾಡಿಕೊಂಡಿದ್ದಾರೆ.

ನೀಲಿ ಟೋಪಿಯ ಗಂಡಸೊಬ್ಬ ಬಂದು ನಿಲ್ಲುತ್ತಾನೆ. ಕೊಚಬಾಂಬಾ ಪೇಟೆಯಲ್ಲಿ ಅಂಗಡಿಯಂತೆ. ಕಲೆಯಿಲ್ಲದ ಹಣ್ಣು ಆರುನೂರು ಬೇಕು, ಚೌಕಾಸಿ ಇಲ್ಲ, ತೊಂಬತ್ತರ ದರಕ್ಕೇ.

“ಇನ್ನೂ ಬೋಣಿ ಆಗಿಲ್ಲ. ಆಮೇಲೆ ಬನ್ನಿ” ಎನ್ನುತ್ತಾರೆ ಪ್ರಿಮಿತೀವಾ.

“ಅದಕ್ಕೇನಮ್ಮ, ನಾನೇ ಮಾಡ್ತೀನಲ್ಲ ಬೋಣಿ.”

“ಬೇಡಿ.”

ಪಕ್ಕದಿಂದ ಅಸುಂತಾ ಬಾಯಿ ಹಾಕುತ್ತಾರೆ. “ಸ್ವಾಮಿ, ಅವಳ ಬೋಣಿಗೆ ಮದುವೆ ಗೊತ್ತಾಗಿದೆ. ಗಂಡು ಬರೋದು ಸ್ವಲ್ಪ ತಡ, ಅಷ್ಟೆ.”

ಸಾಲಿಗೆ ಸಾಲೇ ನಗುತ್ತದೆ. ಗಂಡಸು ಭುಜ ಕುಣಿಸಿ ಹಿಂದಿನ ಓಣಿಗೆ ನಡೆಯುತ್ತಾನೆ. ಪ್ರಿಮಿತೀವಾ ತಲೆ ಎತ್ತದೆ ಒಂದು ಹಣ್ಣಿನ ಕೆನ್ನೆಯನ್ನು ಲಂಗದ ಅಂಚಿನಿಂದ ಒರೆಸುತ್ತಾರೆ.

ಬಿಸಿಲು ಗೋಡೆ ಹತ್ತಿದ ಮೇಲೆ ಹೆರ್ಮೆಲಿಂದಾ ಬರುತ್ತಾರೆ, ತಲೆಯ ಮೇಲೆ ಬುಟ್ಟಿ, ಬಾಯಲ್ಲಿ ಇನ್ನೂ ತಿಂಡಿ. “ಕಸೇರಾ, ಬಾರಮ್ಮ” ಎಂದು ಎರಡು ಬಾಯಿ ಒಟ್ಟಿಗೆ ಕೂಗುತ್ತವೆ. ಹೆರ್ಮೆಲಿಂದಾ ಒಂದು ಗಳಿಗೆ ನಿಂತು, ಅಸುಂತಾ ಅವರ ಮುಂದೆ ಬುಟ್ಟಿ ಇಳಿಸುತ್ತಾರೆ. ಏಟು ತಿಂದ ಇನ್ನೂರು ಹಣ್ಣು, ಕೊಸರು ಹತ್ತು. ಅಸುಂತಾ ನೋಟು ಹಿಡಿದು ಹಣೆ, ಎದೆ, ಎರಡು ಭುಜ ಮುಟ್ಟಿಸಿ, ಮುತ್ತಿಟ್ಟು, ಅದನ್ನು ಹಣ್ಣಿನ ರಾಶಿಯ ಮೇಲೆ ನಿಧಾನವಾಗಿ ಆಡಿಸುತ್ತಾರೆ. ಬೋಣಿಯಾದಾಗ ಎಲ್ಲರೂ ಮಾಡುವುದೇ ಅದು. ಇಷ್ಟು ನಿಧಾನ ಮಾತ್ರ ಯಾರೂ ಮಾಡುವುದಿಲ್ಲ.

ಪ್ರಿಮಿತೀವಾ ಹೊದಿಕೆ ಎಳೆದುಹಾಕುತ್ತಾರೆ. “ನನ್ನ ಹತ್ರಾನೂ ಇದೆ.”

ಹೆರ್ಮೆಲಿಂದಾ ಬಗ್ಗಿ ನೋಡುತ್ತಾರೆ. “ಏನು ಕಸೇರಾ, ನಿನ್ನ ಮನೆ ಹಂದಿಗೆ ಹಸಿವಿಲ್ವಾ?”

“ಅಂದಿದ್ದು ತಪ್ಪಾಯ್ತು ಬಿಡು. ನೂರಕ್ಕೆ ಮೂವತ್ತೈದು ಕೊಡು. ಆದರೆ ಇಷ್ಟು ವರ್ಷದ ವರ್ತನೆ ಒಂದು ಮಾತಿಗೆ ಹರೀತಾ?”

“ಹಣ್ಣು ನಿಂದೇ ಚೆನ್ನಾಗಿರತ್ತೆ, ಯಾವತ್ತೂ ಇಲ್ಲ ಅಂದಿಲ್ಲ ನಾನು. ನಾನು ಕೇಳಿದ್ದನ್ನ ಇವಳು ತಂದಳು, ನೀನು ಬೈದೆ. ಹಾಕು, ನೂರು ಹಾಕು. ಮಾಳಿಗೇಲಿ ಜಾಗ ಇದೆ.”

ಪ್ರಿಮಿತೀವಾ ಎಣಿಸುತ್ತಾರೆ. ಕೊಸರಿಗೆ ಹತ್ತು ಹಾಕಿ, ಪಕ್ಕಕ್ಕೆ ನೋಡಿ, ಇನ್ನೆರಡು ಹಾಕುತ್ತಾರೆ. ನೋಟು ಕೈಗೆ ಬಂದಾಗ ಕೈ ಅಭ್ಯಾಸದಂತೆ ಹಣೆಯತ್ತ ಏಳುತ್ತದೆ.

“ಬೋಣಿ ನನಗಾಯ್ತು ಕಣೇ. ನಿನಗೆ ಸಿಕ್ಕಿದ್ದು ಎಂಜಲು ಕೈ” ಎನ್ನುತ್ತಾರೆ ಅಸುಂತಾ.

“ನಿನಗೆ ಕೈ, ನನಗೆ ಗಿರಾಕಿ. ಸಂಜೆ ನೋಡೋಣ ಯಾರ ಹೊಟ್ಟೆ ತುಂಬತ್ತೆ ಅಂತ” ಎಂದು ಪ್ರಿಮಿತೀವಾ ತಿರುಗಿಸಿ ಕೊಡುತ್ತಾರೆ. ಆದರೂ ನೋಟು ಹಣೆಗೆ ಮುಟ್ಟದೆ ಸೊಂಟದ ಚೀಲಕ್ಕೆ ಇಳಿಯುತ್ತದೆ.

ಬುಟ್ಟಿ ಎತ್ತಿಕೊಳ್ಳಲು ಕೈ ಕೊಡುತ್ತ ಅವರು ತಗ್ಗಿದ ದನಿಯಲ್ಲಿ ಕೇಳುತ್ತಾರೆ: “ಮುಂದಿನ ಮಂಗಳವಾರ ಮೊದಲು ನನ್ನ ಹತ್ರ ಬರ್ತೀಯಾ?”

“ಇಬ್ಬರ ಹತ್ರಾನೂ ಬರ್ತೀನಿ ಕಸೇರಾ. ಮೊದಲು ಅವಳ ಹತ್ರ. ಕಷ್ಟದಲ್ಲಿ ತಂದುಕೊಟ್ಟೋಳು, ಬಿಡೋದು ಸರಿಯಲ್ಲ” ಎಂದು ಹೆರ್ಮೆಲಿಂದಾ ಜನರ ನಡುವೆ ಸರಿದುಹೋಗುತ್ತಾರೆ.

ಪ್ರಿಮಿತೀವಾ ಹೊದಿಕೆ ಮಡಚಿಡುತ್ತಾರೆ. ಆಮೇಲೆ ಒಂದು ಹಣ್ಣನ್ನು ಅಂಗೈಯಲ್ಲಿ ತಿರುಗಿಸುತ್ತ, “ನನ್ನ ಅಮ್ಮನೂ ಹೀಗೇ ಬಾಯಿ ಜೋರು ಮಾಡಿ ಒಬ್ಬಳನ್ನ ಕಳ್ಕೊಂಡಿದ್ಲು. ಅವಳ ಗಿರಾಕಿ ವಾಪಸ್ ಬರಲೇ ಇಲ್ಲ. ನನ್ನೋಳು ಬಂದ್ಲಲ್ಲ” ಎನ್ನುತ್ತಾರೆ.

ಹತ್ತು ಗಂಟೆ ದಾಟುತ್ತಿದ್ದಂತೆ ಮೇಲಿನ ಊರುಗಳಿಂದ ಒಂದರ ಹಿಂದೊಂದರಂತೆ ಲಾರಿಗಳು ಇಳಿಯುತ್ತವೆ. ಕಲೆಯಿಲ್ಲದ ಹಣ್ಣಿನ ದರ ಎಪ್ಪತ್ತಕ್ಕೆ, ಆಮೇಲೆ ಐವತ್ತೈದಕ್ಕೆ ಬೀಳುತ್ತದೆ. ನೀಲಿ ಟೋಪಿಯವನಿಗೆ ಕೊಡದೆ ಉಳಿಸಿದ ಆರುನೂರು ಹಣ್ಣು ಆ ದರಕ್ಕೇ ಹೋಗುತ್ತವೆ. ಅಲ್ಲಿಗೆ ಪ್ರಿಮಿತೀವಾ ಇನ್ನೂರ ಹತ್ತು ಬೊಲಿವಿಯಾನೊ ಕಳೆದುಕೊಂಡರು. ಗಿರಾಕಿ ಮರಳಿ ಸಿಕ್ಕಳು. ಬೋಣಿ ಸಿಗಲಿಲ್ಲ.